ನನ್ನ ಲಿವರ್‌ನ ಒತ್ತುವರಿದಾರರ ಸನ್ನಿಧಾನಕ್ಕೆ

ಇವರಿಗೆ: ಕಾಂಡಕೋಶದ ವೇಷ ತೊಟ್ಟ ಕ್ಯಾನ್ಸರ್ ಕೋಶದವರು, ಬಲಭಾಗದ ಗಡ್ಡೆ, ಲಿವರ್.
ಇವರಿಂದ: ಸಿದ್ರಾಮ, ಅರ್ಜಿ ಬರೆಯುವವನು, ತಾಲ್ಲೂಕು ಕಚೇರಿ ಎದುರಿನ ಬೇವಿನ ಮರದ ಕೆಳಗೆ, ದೇವದುರ್ಗ.

ಮಾನ್ಯರೇ,

ತಾವು ಕ್ಷೇಮವಾಗಿದ್ದೀರೆಂದು ರಾಯಚೂರಿನ ಸ್ಕ್ಯಾನ್ ವರದಿಯಿಂದ ತಿಳಿದು ಬಹಳ ಸಂಕಟವಾಯಿತು. ಇಪ್ಪತ್ತೆಂಟು ವರ್ಷಗಳಿಂದ ಊರವರ ಹೊಲಗಳ ಒತ್ತುವರಿ ಬಗ್ಗೆ ತಹಶೀಲ್ದಾರರಿಗೆ ವಿನಯಪೂರ್ವಕ ದೂರು ಬರೆದುಕೊಟ್ಟ ನಾನು, ನನ್ನ ಹೊಟ್ಟೆಯೊಳಗಿನ ಒತ್ತುವರಿಗೆ ಯಾವ ಕಚೇರಿಯ ಬಾಗಿಲು ಬಡಿಯಬೇಕೆಂದು ತಿಳಿಯದೆ ನೇರವಾಗಿ ತಮಗೇ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಆರು ವರ್ಷಗಳ ಹಿಂದೆ ಮಾನ್ವಿಯ ರಕ್ತದಾನ ಶಿಬಿರದವರು, ನನ್ನ ರಕ್ತದಲ್ಲಿ ಹೆಪಟೈಟಿಸ್ ಬಿ ಇದೆಯೆಂದೂ ಆರು ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದೂ ಪತ್ರ ಕಳಿಸಿದ್ದರು. ನಾನು ಅದರ ಮೇಲೆ ಸ್ವೀಕೃತಿಯ ದಿನಾಂಕ ಬರೆದು, ಕ್ರಮಸಂಖ್ಯೆ ಕೊಟ್ಟು, ಕಡತಕ್ಕೆ ಸೇರಿಸಿ ಕೆಂಪು ದಾರ ಬಿಗಿದೆ. ಕಚೇರಿಯ ಗಾಳಿ ಕುಡಿದವರಿಗೆ ಕಡತ ಸೇರಿದ ಕಾಗದವೆಂದರೆ ಮುಗಿದ ವಿಷಯ. ನನ್ನ ಹೆಂಡತಿ ಅನ್ನಮ್ಮ ಮಾತ್ರ "ಫೈಲ್‌ನಾಗ ಇಟ್ರ ಹೊಟ್ಟಿ ಸ್ಕ್ಯಾನ್ ತಾನಾಗೇ ಆಗ್ತದೇನ್ರಿ?" ಎಂದು ವರ್ಷಕ್ಕೆರಡು ಸಲ ಕೇಳುತ್ತಿದ್ದಳು. ಅವಳಿಗೆ ಆಡಳಿತ ತಿಳಿಯದೆಂದು ನಾನು ನಗುತ್ತಿದ್ದೆ.

ಇನ್ನು ತಮ್ಮ ಪ್ರತಿಭೆಯ ವಿಷಯ. ಪಿತ್ತ ತಯಾರಿಸುವ, ರಕ್ತ ಶುಚಿಗೊಳಿಸುವ ಗೌರವದ ನೌಕರಿಯನ್ನೇ ಮರೆತು, ಐವತ್ತಾರು ವರ್ಷದ ದೇಹದಲ್ಲಿ ಕುಳಿತು, ತಾವಿನ್ನೂ ಏನು ಬೇಕಾದರೂ ಆಗಬಲ್ಲ ಹಸುಗೂಸು, ಅಂದರೆ ಕಾಂಡಕೋಶ (ಸ್ಟೆಮ್ ಸೆಲ್), ಎಂದು ದಾಖಲೆ ಸೃಷ್ಟಿಸಿಕೊಂಡಿದ್ದೀರಿ. ವಯಸ್ಸು ತಿದ್ದುವ ಅಫಿಡವಿಟ್‌ಗಳನ್ನು ನಾನೂ ಬರೆದಿದ್ದೇನೆ, ಇಷ್ಟು ಧೈರ್ಯದ್ದನ್ನು ಬರೆದಿಲ್ಲ. ಡಾಕ್ಟರು ಗಡ್ಡೆಗೆ ರಕ್ತ ಹೋಗುವ ದಾರಿ ಮುಚ್ಚಿ ಔಷಧ ಬಿಟ್ಟಾಗ ತಮ್ಮ ನೆರೆಯ ಸಾಮಾನ್ಯ ಕೋಶಗಳು ರಾಶಿರಾಶಿಯಾಗಿ ಸತ್ತವಂತೆ. ತಾವು ಮಾತ್ರ ಉಸಿರು ಬಿಗಿಹಿಡಿದು ಮಲಗಿದ್ದು, ಎಲ್ಲ ತಣ್ಣಗಾದ ಮೇಲೆ ಎದ್ದು ಕುಳಿತಿರಿ. "ಉಸಿರು ಕಟ್ಟಿಸಿದಷ್ಟೂ ಇವು ಮೊಂಡ ಆಗ್ತಾವ್ರೀ" ಎಂದು ರಾಯಚೂರಿನ ಡಾಕ್ಟರೇ ತಮ್ಮನ್ನು ಕೊಂಡಾಡಿದರು. ಆಮೇಲೆ ಅಕ್ಕಪಕ್ಕದವರ ಕೈ ಬಿಡಿಸಿಕೊಂಡು, ಮೈಯನ್ನು ಉದ್ದಕ್ಕೆ ಎಳೆದುಕೊಂಡು, ನಡುವಿನ ಗೋಡೆ ಕರಗಿಸಿ ರಕ್ತನಾಳದತ್ತ ತೆವಳುವ ವಿದ್ಯೆಯನ್ನು ಯಾವ ಗುರುಗಳಲ್ಲಿ ಕಲಿತಿರೋ ತಿಳಿಯದು. ಬಾಗಲವಾಡದ ದೊಡ್ಡಪ್ಪ ಪಕ್ಕದ ಹೊಲದ ಬದುವನ್ನು ವರ್ಷಕ್ಕೊಂದು ಗೇಣು ತಿನ್ನುತ್ತಾನೆಂದು ಅವನ ಮೇಲೆ ಹನ್ನೊಂದು ಅರ್ಜಿ ಬರೆದಿದ್ದೇನೆ. ತಮ್ಮನ್ನು ಕಂಡ ಮೇಲೆ ಅವನ ಕ್ಷಮೆ ಕೇಳಬೇಕೆನಿಸಿದೆ.

ಬರುವ ಗುರುವಾರ ಮತ್ತೊಂದು ಸ್ಕ್ಯಾನ್ ಇದೆ. ತಾವು ದೊಡ್ಡ ರಕ್ತನಾಳಕ್ಕೆ ಕಾಲಿಟ್ಟಿರದಿದ್ದರೆ ಆ ಭಾಗವನ್ನು ಕತ್ತರಿಸಿ ತೆಗೆಯಬಹುದು, ಇಟ್ಟಿದ್ದರೆ ಆಪರೇಷನ್ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದಕಾರಣ ತಾವು ಕೇಂದ್ರಸ್ಥಾನ ಬಿಟ್ಟು ಹೊರಡಬಾರದೆಂದೂ, ಹೊರಡಲೇಬೇಕಾದಲ್ಲಿ ಹದಿನೈದು ದಿನ ಮುಂಚಿತವಾಗಿ ರಜೆ ಅರ್ಜಿ ಸಲ್ಲಿಸಿ, ತಾವು ಹೋಗಿ ಸೇರುವ ಶ್ವಾಸಕೋಶದವರಿಂದ ನಿರಾಕ್ಷೇಪಣಾ ಪತ್ರ ತಂದು, ನನ್ನ ಸಮಕ್ಷಮದಲ್ಲಿ ಗಡಿ ಅಳತೆ ಮಾಡಿಸಬೇಕೆಂದೂ ಕೈಮುಗಿದು ಕೋರುತ್ತೇನೆ. ಸರ್ವೆಯರ್ ಬರುವುದು ಹತ್ತಿಪ್ಪತ್ತು ವರ್ಷ ತಡವಾದರೂ ನನಗೇನೂ ಅವಸರವಿಲ್ಲ. ಸುಳ್ಳು ಹೇಳುವುದಿಲ್ಲ ಮಾನ್ಯರೇ, ನನಗೆ ಬಹಳ ಭಯವಾಗಿದೆ. ಮೊನ್ನೆ ಯಾರದೋ ವಾರಸಾ ಅರ್ಜಿಯಲ್ಲಿ 'ಮೃತ' ಎಂದು ಬರೆಯಲು ಹೋಗಿ ಕೈ ನಿಂತುಬಿಟ್ಟಿತು.

ಬೇರೆ ದಾರಿಯಿಲ್ಲದೆ,
ತಮ್ಮ ವಿಶ್ವಾಸಿ,
ಸಿದ್ರಾಮ

ವಿ.ಸೂ.: ಗಡ್ಡೆ ಕಂಡ ವಾರವೇ ಅನ್ನಮ್ಮ ಆ ಹಳೆಯ ಪತ್ರವನ್ನು ಕಡತದಿಂದ ಕಿತ್ತು ತೆಗೆದಳು; ಅವಳೂ ಮಗಳು ವಿಜಯಶ್ರೀಯೂ ರಕ್ತ ಪರೀಕ್ಷೆ ಮಾಡಿಸಿಕೊಂಡರು. ಇಬ್ಬರಲ್ಲೂ ರೋಗವಿಲ್ಲ, ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಹಾಕಿಸಿಕೊಂಡಾಗಿದೆ. ಗುರುವಾರದ ಸ್ಕ್ಯಾನ್ ಚೀಟಿಗೆ ನಾನು ಅಭ್ಯಾಸಬಲದಿಂದ ಕ್ರಮಸಂಖ್ಯೆ ಕೊಡಹೊರಟಾಗ ಅನ್ನಮ್ಮ ಅದನ್ನು ಕಸಿದು ಅಡುಗೆಮನೆಯ ಮೊಳೆಗೆ ಚುಚ್ಚಿ, "ಇದನ್ನ ಮುಟ್ರಿ, ನೋಡ್ತೀನಿ" ಎಂದಿದ್ದಾಳೆ. ತಾವು ಇಷ್ಟು ದಿನ ವ್ಯವಹರಿಸಿದ್ದು ನನ್ನ ಜೊತೆ. ಇನ್ನು ಮುಂದೆ ಅವಳ ಜೊತೆ.