ಮೂರು ಗಂಟೆಗೆ ಹಸಿಯುವವರ ಕುರಿತು ಅಡುಗೆಯವಳ ಅಹವಾಲು

ಬೆಟ್ಟದ ಕಾಲುದಾರಿ ಸಮಿತಿಯ ಅಧ್ಯಕ್ಷರಾದ ಶ್ರೀಮಾನ್ ತಾಂಕ್ರೇದಿ ಅವರ ಸನ್ನಿಧಿಗೆ,

ಮಾನ್ಯರೇ, ತಮ್ಮ ಮೊಣಕಾಲು, ಬೂಟು, ಊರುಗೋಲು ಮೂರೂ ಕ್ಷೇಮವೆಂದು ನಂಬಿ, ಇಳಿಜಾರಿನ ಬುಡದಲ್ಲಿರುವ ಆರು ಮೇಜಿನ ತ್ರಾತ್ತೋರಿಯಾ ಎಂಬ ಪುಟ್ಟ ಊಟದ ಮನೆಯ ಅಡುಗೆಯವಳಾದ ಆರ್ಜಿಯಾ ಎಂಬ ನಾನು ಮಾಡಿಕೊಳ್ಳುವ ವಿನಂತಿ.

ಮಠದ ತಿರುವಿನಲ್ಲಿ 'ಒಳ್ಳೆಯ ಊಟ, ಇಪ್ಪತ್ತು ನಿಮಿಷ' ಎಂಬ ಫಲಕ ನೆಟ್ಟು, ಬಾಣವನ್ನು ನೇರ ನಮ್ಮ ಬಾಗಿಲಿಗೇ ತಿರುಗಿಸಿದ ತಮ್ಮ ಔದಾರ್ಯಕ್ಕೆ ಏನೆಂದು ಹೇಳಲಿ! ನಮ್ಮಲ್ಲಿ ಊಟ ಹನ್ನೆರಡೂವರೆಯಿಂದ ಎರಡೂವರೆಯವರೆಗೆ. ನಮ್ಮತ್ತೆಯ ಕಾಲದಿಂದ ಹೀಗೇ, ಊರಿನ ನಾಯಿಗಳಿಗೂ ಗೊತ್ತು. ಆದರೆ ಕಾಲುದಾರಿಯ ಹಿಂದಿನ ಊರಿನಿಂದ ಬೆಳಿಗ್ಗೆ ಎಂಟಕ್ಕೆ ಹೊರಟ ತಮ್ಮ ನಡಿಗೆಯವರು ನಮ್ಮ ಹೊಸ್ತಿಲು ಮುಟ್ಟುವುದು ಸರಿಯಾಗಿ ಮೂರಕ್ಕೆ. ಒಂದು ನಿಮಿಷ ಆಚೀಚೆ ಇಲ್ಲ. ನಮ್ಮೂರಿನ ಬಸ್ಸಿಗೂ ತಾವೇ ಸ್ವಲ್ಪ ಪಾಠ ಹೇಳಬೇಕು.

ಮೂರು ಗಂಟೆ ಎಂದರೆ ನಾನೂ ನನ್ನ ಯಜಮಾನರಾದ ನೆಲ್ಲೋ ಅವರೂ ಊಟಕ್ಕೆ ಕೂರುವ ಹೊತ್ತು. ಬೆಳಗಿನಿಂದ ಅವರು ಮೇಜುಗಳ ನಡುವೆ, ನಾನು ಒಲೆಯ ಮುಂದೆ. ನಲವತ್ತು ವರ್ಷದ ಸಂಸಾರದಲ್ಲಿ ನಾವು ಎದುರುಬದುರು ಕೂತು ಮುಖ ನೋಡಿಕೊಳ್ಳುವುದು ಆ ಅರ್ಧ ಗಂಟೆ ಮಾತ್ರ. ಈಗ ಫೋರ್ಕ್ ಎತ್ತುವಷ್ಟರಲ್ಲಿ ಬಾಗಿಲು ಬಡಿಯುತ್ತದೆ. "ಸುಮ್ನೆ ಕೂತ್ಕೊಳ್ರೀ, ಯಾರೂ ಇಲ್ಲ ಅಂದ್ಕೊಂಡು ಹೋಗ್ತಾರೆ" ಎನ್ನುತ್ತೇನೆ. "ಅಯ್ಯೋ ಮಾರಾಯ್ತಿ, ಪಾಪ, ಬೆಟ್ಟ ಇಳಿದು ಬಂದಿದಾರೆ ಕಣೇ" ಎಂದು ಎದ್ದೇಬಿಡುತ್ತಾರೆ ಪುಣ್ಯಾತ್ಮರು. ಬಂದವರು ಪಾಸ್ತಾದ ಜೊತೆಗೆ, ನಮ್ಮಲ್ಲಿ ಬೆಳಗಿನ ಹೊತ್ತು ಮಾತ್ರ ಕುಡಿಯುವ ಹಾಲು ಹಾಕಿದ ಕಾಫಿ ಕೇಳುತ್ತಾರೆ! ಅದನ್ನೂ ಇವರು ನಗುನಗುತ್ತಾ ಕೊಡುತ್ತಾರೆ. ನಾನು ಒಳಗೆ ಹಲ್ಲು ಕಡಿಯುತ್ತಿರುತ್ತೇನೆ.

ಆದ್ದರಿಂದ ತಾವು ದಯಮಾಡಿ ಆ ಹಿಂದಿನ ಊರನ್ನು, ಅದರ ಗಂಟೆಗೋಪುರದ ಸಮೇತ, ಎರಡು ಗಂಟೆಯ ನಡಿಗೆಯಷ್ಟು ನಮ್ಮ ಕಡೆಗೆ ಸರಿಸಿಕೊಡಬೇಕು. ಅಲ್ಲಿಯ ಮೇಯರ್ ಒಪ್ಪದಿದ್ದರೆ, ನಡೆಯುವವರಿಗೆಲ್ಲ ಮಧ್ಯಾಹ್ನ ಒಂದಕ್ಕೇ ಹಸಿವಾಗತಕ್ಕದ್ದೆಂದು ಸಮಿತಿಯಲ್ಲಿ ಠರಾವು ಮಾಡಬೇಕು. ಅದೂ ಆಗದಿದ್ದರೆ ನನ್ನ ಯಜಮಾನರಿಗೊಂದು ಕಲ್ಲೆದೆ ಮಂಜೂರು ಮಾಡಿಸಿ. ಬೇಡ, ಅದೊಂದು ಬೇಡ. ಆ ಸಾಲು ಹೊಡೆದುಹಾಕಿ, ಇದ್ದದ್ದೇ ಇರಲಿ.

ತಮ್ಮ ವಿಶ್ವಾಸಿ, ಸದ್ಯ ಹಸಿದಿರುವ,
ಆರ್ಜಿಯಾ

ತಾ.ಕ.: ಕಳೆದ ಗುರುವಾರ ಮೂರು ಗಂಟೆಗೆ ಬಂದು, "ಏನಿದ್ರೆ ಅದೇ ಕೊಡೀಮ್ಮಾ, ಜೀವ ಹೋಗ್ತಿದೆ" ಎಂದ ನೀಲಿ ಟೋಪಿಯವರು ತಾವೇ ಎಂದು ಪತ್ರಿಕೆಯ ಫೋಟೋ ನೋಡಿ ತಿಳಿಯಿತು. ತಾವು ಬ್ರೆಡ್ಡಿನಿಂದ ತಟ್ಟೆ ಒರೆಸಿ ತಿಂದ ಆಲೂಗಡ್ಡೆಯ ಪುಟ್ಟ ಕಡುಬಿನಂಥ ನ್ಯೋಕ್ಕಿಯನ್ನು ನಾನು ಮಾಡುವುದು ಗುರುವಾರ ಮಾತ್ರ, ಅಂದು ತಾವು ತಿಂದದ್ದು ನೆಲ್ಲೋ ಅವರ ಪಾಲು. ನನ್ನ ತಟ್ಟೆಯಿಂದ ಹಾಕಹೋದರೆ "ನಂಗೆ ಹಸಿವಿಲ್ಲ ಕಣೇ" ಎಂದು ಸುಳ್ಳು ಹೇಳಿ ಬರೀ ಬ್ರೆಡ್ಡು ತಿಂದರು. ಬರುವ ಗುರುವಾರ ಮೂರಕ್ಕೆ ತಾವು ನಮ್ಮ ಹೊಸ್ತಿಲಾಚೆ ಕೂತು, ಬಂದವರನ್ನೆಲ್ಲ ಅರ್ಧ ಗಂಟೆ ಮಾತಿನಲ್ಲಿ ಹಿಡಿದಿಡಬೇಕು. ಕುರ್ಚಿ ನಾನು ಕೊಡುತ್ತೇನೆ. ನ್ಯೋಕ್ಕಿ ಕೊಡುವುದಿಲ್ಲ.