ತಾರಸಿಯಿಂದ ಹಾರಿದ ಸಾಕ್ಷಿ

ಕಾಲುವೆ ಮುಚ್ಚಿದರೆ ಮಳೆನೀರು ಮನೆಯೊಳಗೆ ಬರುತ್ತದೆ. ಇದು ಎರಡನೇ ತರಗತಿಯ ಮಗುವಿಗೂ ಗೊತ್ತು. ಗೊತ್ತಿಲ್ಲದವರು ನಕ್ಷೆಗೆ ಸಹಿ ಹಾಕುವವರು ಮತ್ತು ಹಾಕಿಸಿಕೊಳ್ಳುವವರು ಮಾತ್ರ.

ಬಾಗಲಗುಂಟೆಯ ಗುರುಪಾದಪ್ಪನವರ ಮನೆಯ ಕೆಳಗಿನ ತಗ್ಗಿನಲ್ಲಿ ಸೊಪ್ಪು ಮಾರುವ ಮುನಿಕೆಂಪಮ್ಮನವರ ಮನೆ. ಈ ವರ್ಷ ಮೂರು ಸಲ ಅವರ ಮಂಚ ತೇಲಿತು, ಮೂಟೆಯಲ್ಲಿದ್ದ ರಾಗಿ ಮೊಳಕೆಯೊಡೆಯಿತು (ಮೊಳಕೆ ಆರೋಗ್ಯಕ್ಕೆ ಒಳ್ಳೆಯದೆಂದು ನೋಡಲು ಬಂದ ಅಧಿಕಾರಿಯೊಬ್ಬರು ಸಮಾಧಾನ ಹೇಳಿ ಹೋದರು). ತಪ್ಪಿತಸ್ಥ ಯಾರೆಂದು ಗುರುಪಾದಪ್ಪನವರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಪಕ್ಕದ ಮನೆಯ ಸಿದ್ರಾಮಪ್ಪ! ಅವರ ಎಂಟಡಿ ಕಾಂಪೌಂಡಿನ ಹಿಂದೆ ಹೋದ ಕಾಲುವೆ ಮತ್ತೆ ಕಣ್ಣಿಗೆ ಬಿದ್ದಿಲ್ಲ. ಇಣುಕಲು ಗೋಡೆ ಎತ್ತರ, ಡ್ರೋನ್ ಹಾರಿಸಲು ಪರವಾನಗಿಯ ಕಾಟ.

"ಹಂಗಾದ್ರೆ ರಾಕೆಟ್" ಎಂದರು ಗುರುಪಾದಪ್ಪ.

ಪೀಣ್ಯದ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇತ್ ತಿರುಗಿಸಿದ ಕೈ. ಎರಡು ಲೀಟರಿನ ಸೋಡಾ ಬಾಟಲಿಯಲ್ಲಿ ಮೂರನೇ ಒಂದು ಭಾಗ ನೀರು, ಸೈಕಲ್ ಪಂಪಿನ ಗಾಳಿ, ರಟ್ಟಿನ ರೆಕ್ಕೆ, ಹಳೇ ಕೊಡೆ ಬಟ್ಟೆಯ ಪ್ಯಾರಾಚೂಟ್. ಹೆಬ್ಬೆರಳಿನ ಗಾತ್ರದ ಕ್ಯಾಮೆರಾ ಒಂದು ಸಿದ್ರಾಮಪ್ಪನವರ ಕಡೆಗೆ ಮುಖ ಮಾಡಿತು. ತೂಕ ಸರಿದೂಗಲೆಂದು ಅಂಥದ್ದೇ ಇನ್ನೊಂದು, ನೆಲದ ಕಡೆಗೆ. ಮೊದಲ ಐದು ಉಡಾವಣೆಗಳು ಪತ್ನಿ ಸೀತಮ್ಮ ತಾರಸಿಯಲ್ಲಿ ಒಣಹಾಕಿದ್ದ ಹಪ್ಪಳಕ್ಕೆ ಸ್ನಾನ ಮಾಡಿಸಿದವೇ ಹೊರತು ಗಗನ ಸೇರಲಿಲ್ಲ. ಗುರುಪಾದಪ್ಪ ಒದ್ದೆ ಪಂಚೆ ಹಿಂಡಿಕೊಂಡು ಆರನೆಯದಕ್ಕೆ ಕೂತರು.

"ಚಂದ್ರನ ತಾವ ಕಳ್ಸೋರೇ ಪೂಜೆ ಮಾಡಿ ಕಳಿಸ್ತಾರಂತೆ, ನಿಮ್ದೇನ್ರೀ ಹೆಚ್ಚು?" ಎಂದ ಸೀತಮ್ಮ, ಆಯುಧಪೂಜೆಯಲ್ಲಿ ಸ್ಕೂಟರಿಗೆ ಇಟ್ಟಂತೆಯೇ, ಎದುರಿಗೆ ಕಂಡ ದುಂಡನೆಯ ಜಾಗಕ್ಕೆ ಧಾರಾಳವಾಗಿ ಕುಂಕುಮ ಇಟ್ಟರು. ರಾಕೆಟ್ ಹಾರಿತು. ತೆಂಗಿನಮರದ ಮೇಲೆ ಹೋಗಿ, ಕೊಡೆ ಬಿಚ್ಚಿ, ಮಹಾರಾಜನಂತೆ ಇಳಿಯಿತು.

ಸಂಜೆ ಗುರುಪಾದಪ್ಪನವರ ಮನೆಯ ಟಿವಿಯ ಮುಂದೆ ಸಾರ್ವಜನಿಕ ವಿಚಾರಣೆ. ಮುನಿಕೆಂಪಮ್ಮ ಮುಂದಿನ ಸಾಲಿನಲ್ಲಿ. ಆಪಾದಿತ ಸಿದ್ರಾಮಪ್ಪನವರಿಗೂ ಒಂದು ಕುರ್ಚಿ, ಒಂದು ಲೋಟ ಕಾಫಿ. ಮೊದಲ ಕ್ಯಾಮೆರಾದಲ್ಲಿ ಬರೀ ಕೆಂಪು. ದುಂಡನೆಯ ಜಾಗ ಯಾವುದೆಂದು ಆಗ ತಿಳಿಯಿತು. ಗುರುಪಾದಪ್ಪ ಹಲ್ಲು ಕಚ್ಚಿ, ತೂಕಕ್ಕಿಟ್ಟ ಎರಡನೆಯದನ್ನು ಹಾಕಿದರು. ಚಿತ್ರ ಸ್ಫಟಿಕದಷ್ಟು ಸ್ವಚ್ಛ. ಕಾಲುವೆ ಸಿದ್ರಾಮಪ್ಪನವರ ಗೋಡೆಯ ಆಚೆ, ಯಾರ ಹಂಗೂ ಇಲ್ಲದೆ, ಹುಲ್ಲು ಬೆಳೆಸಿಕೊಂಡು ಸರಾಗವಾಗಿ ಬರುತ್ತಿತ್ತು.

ಮುನಿಕೆಂಪಮ್ಮ ಎದ್ದು ಹೋಗಿ ಟಿವಿಯ ಮೇಲೆ ಬೆರಳಿಟ್ಟರು. "ಇಲ್ಲೀಗಂಟ ಬತ್ತದೆ ಸ್ವಾಮಿ. ಈ ನೀಲಿ ಶೀಟಿನ ತಾವ ನಿಂತೋಯ್ತದೆ. ಅದ್ಯಾರ್ ಮನೆ?"

ಸಿದ್ರಾಮಪ್ಪ ಇನ್ನೊಂದು ಲೋಟ ಕಾಫಿ ಕೇಳಿದರು.

"ನಮ್ದೇ ಕಣಮ್ಮ" ಎಂದರು ಸೀತಮ್ಮ. "ವಾಷಿಂಗ್ ಮಶಿನ್‌ಗೆ ಜಾಗ ಮಾಡಿ ಅಂದೋಳು ನಾನು. ಹಳೇ ಗುಂಡಿ, ಮಣ್ಣು ತುಂಬಿ ಚಪ್ಪಡಿ ಎಳೆದ್ರೆ ಏನೂ ಆಗಲ್ಲ ಅಂದೋರು ಇವ್ರು."

ಬೆಳಿಗ್ಗೆ ಆರಕ್ಕೇ ಗುರುಪಾದಪ್ಪ ಸುತ್ತಿಗೆ ಹಿಡಿದು ತಮ್ಮ ಚಪ್ಪಡಿಯನ್ನು ತಾವೇ ಒಡೆಯತೊಡಗಿದರು. ಎಂಟಡಿ ಗೋಡೆಗೆ ಏಣಿ ಹಾಕಿ ಹತ್ತಿದ ಸಿದ್ರಾಮಪ್ಪ ಅದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡರು. ಈ ಕ್ಯಾಮೆರಾದ ಮೇಲೆ ಕುಂಕುಮ ಇರಲಿಲ್ಲ.

ಓದಿ ನಕ್ಕಿರಲ್ಲ, ಈಗ ಏಳಿ. ನಿಮ್ಮ ಮನೆಯ ನಕ್ಷೆ ಹಿಡಿದು ಹಿತ್ತಲಿಗೆ ಹೋಗಿ. ಕಾಲಡಿಯಲ್ಲಿ ಕಾಲುವೆ ಇದ್ದರೆ, ಮುಂದಿನ ಮಳೆಗೆ ಮೊದಲು ಮೇಲಿನ ಚಪ್ಪಡಿ ಒಡೆಯಿರಿ.