ನಮ್ಮದಲ್ಲದ ಗೀರುಗಳು

ಥಳಥಳ ಹೊಳೆಯುವ ಕಾರನ್ನು ಕಂಡರೆ ಮುಖ ಸಿಂಡರಿಸುವ, ಗೀರು ಬಿದ್ದು ನೆಗ್ಗಿದ ಕಾರನ್ನು ಕಂಡರೆ ಮುಖ ಅರಳಿಸುವ ಮನುಷ್ಯರು ಈ ಭೂಮಿಯ ಮೇಲೆ ಯಾರಾದರೂ ಇದ್ದರೆ ಅವರು ನಮ್ಮ ಕಾಕಾ ಒಬ್ಬರೇ. ಇದನ್ನು ಉತ್ಪ್ರೇಕ್ಷೆಯೆಂದು ತಳ್ಳಿಹಾಕುವವರು ದಯವಿಟ್ಟು ಕೋಲ್ಕತ್ತಕ್ಕೆ ಬರಬೇಕು. ಗರಿಯಾಹಾಟ್‌ನ ನಮ್ಮ ಓಣಿಯಿಂದ ಅವರೊಡನೆ ಒಂದೇ ಒಂದು ಸಲ ಬಾಡಿಗೆ ಕಾರು ತರಲು ಹೋಗಬೇಕು. ಆಮೇಲೂ ಸಂಶಯ ಉಳಿದರೆ ನನ್ನ ಮಾತನ್ನು ಹಿಂದಕ್ಕೆ ಪಡೆಯುತ್ತೇನೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ. ರೈಲ್ವೆಯಲ್ಲಿ ಕೆಲಸ ಸಿಕ್ಕಿ, ಧಾರವಾಡದ ಕಡೆಯಿಂದ ಬಂದು ಇಲ್ಲಿಯೇ ನೆಲೆಸಿದವರು. ನಾನು ಎಂ.ಎ. ಓದಲು ಬಂದು ಅವರ ಮನೆಯಲ್ಲೇ ಉಳಿದವಳು. ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗಳಾದ್ದರಿಂದ, ಎಲ್ಲಿಯೂ ಒಂದು ತಪ್ಪೂ ಆಗಬಾರದೆಂಬ ಭಯವನ್ನು ಪದವಿಯ ಜೊತೆಗೇ ನನಗೆ ಪ್ರದಾನ ಮಾಡಿದ್ದಾರೆ.

ಎರಡು ಸೈಕಲ್ಲುಗಳು ಎದುರಾದರೆ ಒಂದು ಹಿಂದೆ ಸರಿಯಬೇಕಾದಂಥ ಓಣಿ ನಮ್ಮದು. ಸ್ವಂತ ಕಾರು ಇಡುವ ಮಾತೇ ಇಲ್ಲ. ಆದರೆ ಕಾಳಿಘಾಟ್ ನೋಡಲು ಊರಿನಿಂದ ಬಂಧುಗಳು ಬರುತ್ತಲೇ ಇರುತ್ತಾರೆ. ಅವರನ್ನು ಸುತ್ತಾಡಿಸಲು ಕಾಕಾ, ನಾವೇ ಓಡಿಸಿಕೊಳ್ಳುವ ಬಾಡಿಗೆ ಕಾರು ತರುತ್ತಾರೆ. ಅದರ ಜೊತೆಗೆ ಎರಡು ಬಗೆಯ ವಿಮೆಗಳಿರುತ್ತವೆ. ಅಗ್ಗದ್ದನ್ನು ತೆಗೆದುಕೊಂಡರೆ ಗೀರು ಬಿದ್ದಾಗ ರಿಪೇರಿಯ ಖರ್ಚು ನಮ್ಮ ಕೊರಳಿಗೆ; ದುಬಾರಿಯದನ್ನು ತೆಗೆದುಕೊಂಡರೆ ಎಲ್ಲವೂ ಅವರದೇ. ಕಾಕಾ ಜೀವಮಾನದಲ್ಲಿ ದುಬಾರಿ ವಿಮೆ ಮುಟ್ಟಿದವರಲ್ಲ. ಕೇಳಿದರೆ, "ನನ್ನ ವಿಮಾ ನನ್ನ ಬಲಗಾಲಾಗ ಐತಿ" ಎನ್ನುತ್ತಾರೆ. ಬಲಗಾಲೆಂದರೆ ಬ್ರೇಕು.

ಬಲಗಾಲಿನ ಈ ವಿಮೆಯ ಮಹಿಮೆ ಸಾಮಾನ್ಯವಾದುದಲ್ಲ. ಒಮ್ಮೆ ಗರಿಯಾಹಾಟ್‌ನಿಂದ ಹೊರಟ ಟ್ರಾಮು ನಮ್ಮ ಕಾರನ್ನು ಹಿಂದೆ ಹಾಕಿತು. ಒಳಗಿದ್ದ ವೃದ್ಧರೊಬ್ಬರು ಎದ್ದು ನಿಂತು, ಕಿಟಕಿಯಿಂದ ತಲೆ ಹೊರಹಾಕಿ ನಮ್ಮನ್ನೇ ನೋಡಿದರು. ಟ್ರಾಮೊಂದು ಇನ್ನೊಂದು ವಾಹನವನ್ನು ಹಿಂದೆ ಹಾಕಿದ್ದನ್ನು ಅವರು ಆಯುಷ್ಯದಲ್ಲಿ ಮೊದಲ ಬಾರಿಗೆ ಕಂಡಿರಬೇಕು.

ಇನ್ನು ಕಾರನ್ನು ಆರಿಸುವ ಪ್ರಸಂಗ. ಬಾಡಿಗೆ ಕಚೇರಿಯ ಮ್ಯಾನೇಜರು ಬಂಗಾಳಿ, ಬಹಳ ಸಜ್ಜನರು. ಅವರೂ ಕಾಕಾ ಅವರೂ ಮಾತಾಡುವುದು ಹಿಂದಿಯಲ್ಲಿ. ಇಬ್ಬರ ಹಿಂದಿಯಿಂದಲೂ ವ್ಯಾಕರಣವು ದೀರ್ಘ ರಜೆಯ ಮೇಲೆ ಹೋಗಿರುವುದರಿಂದ ಸಂಭಾಷಣೆಯನ್ನು ಕನ್ನಡದಲ್ಲೇ ಕೊಡುತ್ತೇನೆ.

"ದಾದಾ, ಹೊಚ್ಚ ಹೊಸ ಗಾಡಿ ಬಂದಿದೆ. ನಿಮಗೆ ಅಂತಲೇ ಇಟ್ಟಿದ್ದೇನೆ."

"ಬೇಡ. ಹೋದ ಸಲದ ಆ ಮುದುಕಿ ಎಲ್ಲಿದ್ದಾಳೆ?"

"ಅದಾ? ಅದರ ಬಾಗಿಲು ಬೇರೆ ಒಳಗೆ ಹೋಗಿದೆ, ದಾದಾ."

"ಇನ್ನೂ ಒಳ್ಳೆಯದಾಯಿತು."

ಕಾಕಾ ಅವರ ಸಿದ್ಧಾಂತ ಸರಳ. ಗೀರುಗಳಿಂದ ತುಂಬಿದ ಕಾರಿನಲ್ಲಿ ಹೊಸ ಗೀರಿಗೆ ಸ್ಥಳಾವಕಾಶವೇ ಇರುವುದಿಲ್ಲ. ಇದ್ದರೂ ಅದನ್ನು ಯಾರು ಗುರುತಿಸಬೇಕು? ಆದರೂ ಮುಂಜಾಗ್ರತೆಗಾಗಿ ಕಾರು ಹೊರಡುವ ಮೊದಲು ಅದರ ಸಮಗ್ರ ವಿಡಿಯೊ ಆಗಬೇಕು. ಫೋನು ಹಿಡಿಯುವ ಕೆಲಸ ನನ್ನದು. ಕಾಕಾ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರ ಗಾಂಭೀರ್ಯದಿಂದ ಕಾರಿನ ಸುತ್ತ ಬರುತ್ತಾ, ಬೆರಳಿನಿಂದ ತೋರಿಸುತ್ತಾ ವಿವರಣೆ ಕೊಡುತ್ತಾರೆ:

"ಎಡಗಡೆ ಮುಂದಿನ ಬಾಗಿಲಾ. ಗೇಣುದ್ದ ಗೀರು. ನಮ್ಮದಲ್ಲ. ಅದರ ಕೆಳಗ ಸಣ್ಣದೊಂದು. ಅದೂ ನಮ್ಮದಲ್ಲ. ಹಿಂದಿನ ಬಂಪರಾ, ಯಾವನೋ ಸಿಟ್ಟಿಲೆ ಒದ್ದಂಗ ಐತಿ. ನಮ್ಮದಂತೂ ಅಲ್ಲ."

ಅಷ್ಟರಲ್ಲಿ ಕಾರಿನೊಳಗೆ ಕುಳಿತು ಬೆವರುತ್ತಿರುವ ಕಾಕೂ, ಅಂದರೆ ಅವರ ಧರ್ಮಪತ್ನಿ, ಗಾಜು ಇಳಿಸುತ್ತಾರೆ. "ಏನ್ರೀ, ಗಾಡಿ ತಿರುಗಿ ಕೊಡೂ ವ್ಯಾಳ್ಯಾ ಬಂತು. ಇನ್ನರೆ ಹೊಂಡೂಣೇನು?"

ಒಂದು ಸಲ ಕಾರು ಹಿಂದಿರುಗಿಸುವಾಗ ಮ್ಯಾನೇಜರು ಒಂದು ತಗ್ಗನ್ನು ತೋರಿಸಿ ಬಲು ಸಂಕೋಚದಿಂದ ಕೆಮ್ಮಿದರು. ಕಾಕಾ ವಿಡಿಯೊ ಹಚ್ಚಿದರು. ಅದು ಮುಗಿಯುವ ಲಕ್ಷಣವೇ ಕಾಣಲಿಲ್ಲ. ಚಹಾ ಬಂತು, ಮತ್ತೆ ಚಹಾ ಬಂತು. ಕನ್ನಡದ ಒಂದಕ್ಷರವನ್ನೂ ಅರಿಯದ ಆ ಸಜ್ಜನರು ಕೊನೆಗೆ ಎರಡೂ ಕೈ ಜೋಡಿಸಿ, ಅಚ್ಚ ಧಾರವಾಡದ ಧಾಟಿಯಲ್ಲಿ, "ನಮ್ಮದಲ್ಲ, ದಾದಾ, ನಮ್ಮದಲ್ಲ" ಎಂದುಬಿಟ್ಟರು. ಪರರಾಜ್ಯದಲ್ಲಿ ಕನ್ನಡ ಕಲಿಸಿದವರಿಗೆ ಏನಾದರೂ ಸನ್ಮಾನವಿದ್ದರೆ ಕಾಕಾ ಅವರನ್ನು ಪರಿಗಣಿಸಬೇಕಾಗಿ ವಿನಂತಿ.

ವಿಮಾನ ನಿಲ್ದಾಣದಲ್ಲಿಯೇ ಕಾರು ಪಡೆದರೆ ಬಾಡಿಗೆ ಹೆಚ್ಚು. ಹಾಗಾಗಿ ಊರಿನಿಂದ ಬಂದ ಕಾಕೂ ಅವರ ಅಣ್ಣನನ್ನು ಸಾಮಾನು ಸಮೇತ ಬಸ್ಸು ಹತ್ತಿಸಲಾಯಿತು.

"ಅಲ್ಲೋ ಮಾರಾಯಾ, ಕಾರಿನ್ಯಾಗ ಕರಕೊಂಡ ಹೋಗ್ತೀನಿ ಅಂದಿದ್ದಿ?" ಎಂದು ಅವರು ಕಂಬಿ ಹಿಡಿದು ಜೋಲಾಡುತ್ತಾ ಕೇಳಿದರು.

"ಕಾರಿನ ಕಡೇನ ಹೊಂಟೇವಿ" ಎಂದರು ಕಾಕಾ.

ಬಸ್ಸು ನಮ್ಮ ಓಣಿಯ ತುದಿಯಲ್ಲೇ ನಿಂತಿತು. ಬೀಗರು ಅಲ್ಲಿಳಿದು, ನಮ್ಮ ಮನೆಯನ್ನು ದಾಟಿ ಬಾಡಿಗೆ ಕಚೇರಿಯವರೆಗೆ ನಡೆದು, ಕಾರಿನಲ್ಲಿ ಕುಳಿತು ಅದೇ ಓಣಿಯ ತುದಿಗೆ ಹಿಂದಿರುಗಿದರು. ಅವರು ಮತ್ತೆ ಕೋಲ್ಕತ್ತದ ಹೆಸರೆತ್ತಿದ್ದನ್ನು ನಾನು ಕೇಳಿಲ್ಲ.

ಈಚೆಗೆ ನನಗೆ ಇಲ್ಲಿನ ಕಾಲೇಜೊಂದರಲ್ಲಿ ಅಧ್ಯಾಪಕಿಯ ಕೆಲಸ ಸಿಕ್ಕಿತು. ಅದನ್ನು ಕಣ್ಣಾರೆ ನೋಡಲು ಅಪ್ಪ, ಅವ್ವ ಮೊದಲ ಬಾರಿಗೆ ಬರುವುದೆಂದು ನಿಶ್ಚಯವಾಯಿತು. ಅಪ್ಪ ಲಾರಿಯ ಕ್ಲೀನರ್ ಆಗಿ ದುಡಿದವರು. ಎಡಗಡೆಯ ಸೀಟಿನಿಂದ ಅರ್ಧ ದೇಶವನ್ನು ಕಂಡಿದ್ದಾರೆ. ಸ್ಟಿಯರಿಂಗ್ ಮುಟ್ಟುವ ಅವಕಾಶ ಅವರಿಗೆ ಎಂದೂ ಬರಲಿಲ್ಲ. ಮಗಳು ಓಡಿಸುವ ಕಾರಿನಲ್ಲಿ ಅವರನ್ನು ಕೂರಿಸಿಕೊಂಡು ನನ್ನ ಕಾಲೇಜಿಗೂ ಕಾಳಿಘಾಟ್‌ಗೂ ಹೋಗಬೇಕೆಂಬ ಆಸೆ ನನಗೆ. ಲೈಸೆನ್ಸು ಇತ್ತು. ಧೈರ್ಯ ಇರಲಿಲ್ಲ. ತರಬೇತಿಯ ಕಾರನ್ನು ಬಿಟ್ಟು ಬೇರೊಂದನ್ನು ನಾನು ಓಡಿಸಿಯೇ ಇರಲಿಲ್ಲ.

ಒಂದು ಸಂಜೆ, ಕಾಕಾ ಮಂಡಕ್ಕಿ ತಿನ್ನುತ್ತಾ ಕುಳಿತಿದ್ದಾಗ, ಹೇಗೋ ಬಾಯಿಬಿಟ್ಟು ಹೇಳಿದೆ. ಅವರು ಮಂಡಕ್ಕಿಯೊಳಗಿನ ಶೇಂಗಾಗಳನ್ನು ಆರಿಸಿ ಆರಿಸಿ ತಿಂದು, ಕೈ ಝಾಡಿಸಿ ಎದ್ದುಹೋದರು. ಬಲಗಾಲಿನಲ್ಲಿ ವಿಮೆ ಇಟ್ಟುಕೊಂಡವರು ಮತ್ತೊಬ್ಬರ ಬಲಗಾಲನ್ನು ನಂಬಿ ಕಾರು ಕೊಟ್ಟಾರೆಯೇ? ಆಸೆಯನ್ನು ಅಲ್ಲಿಗೇ ಮಡಚಿಟ್ಟೆ.

ಅಪ್ಪ, ಅವ್ವ ಬಂದ ಮರುದಿನ ಬೆಳಿಗ್ಗೆ ಎಲ್ಲರೂ ಬಾಡಿಗೆ ಕಚೇರಿಗೆ ಹೋದೆವು. ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆಯದ, ಹಾಲಿನಂಥ ಬಿಳಿಯ ಹೊಸ ಕಾರು ನಿಂತಿತ್ತು. ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದು ಕಳವಳದಿಂದ ಕೇಳಿದರು: "ದಾದಾ ಈ ಗಾಡಿಯನ್ನೇ ಕೇಳಿದ್ದಾರೆ. ಮೇಲೆ ದುಬಾರಿ ವಿಮೆ ಬೇರೆ. ಅವರ ಆರೋಗ್ಯ ಚೆನ್ನಾಗಿದೆ ತಾನೇ?"

ನಾನು ಕಾಕಾ ಅವರತ್ತ ತಿರುಗಿದೆ. ಅವರು ಕೀಲಿಕೈಯನ್ನು ನನ್ನ ಮುಂದೆ ಹಿಡಿದಿದ್ದರು.

"ಹಳೇ ಗಾಡೀನ ಸಾಕಿತ್ತಲ್ಲ, ಕಾಕಾ?"

"ಅದರಾಗ ನೀ ಗೀರಿದ್ದು ಯಾವುದು ಅಂತ ಹೆಂಗ ತಿಳೀಬೇಕು?" ಎಂದರು. ಆಮೇಲೆ ದನಿ ತಗ್ಗಿಸಿ, "ಗೀರಿದ್ರ ಗೀರ್ಲಿ, ತಂಗಿ. ಅದಕ್ಕಂತನ ರೊಕ್ಕಾ ಕಟ್ಟೇನಿ. ಅಂಜಬ್ಯಾಡ, ನಡಿ" ಎಂದರು.

ಕಾಕಾ ಹಿಂದಿನ ಸೀಟಿನಲ್ಲಿ ಅವ್ವ ಮತ್ತು ಕಾಕೂ ಅವರ ಜೊತೆ ಇಕ್ಕಟ್ಟಾಗಿ ಕುಳಿತರು. ಅಪ್ಪ ನನ್ನ ಎಡಗಡೆ ಕುಳಿತು, ಅಭ್ಯಾಸಬಲದಿಂದ ಕಿಟಕಿಯಾಚೆ ತಲೆ ಹಾಕಿ, "ಬರ್ಲಿ, ಬರ್ಲಿ, ರೈಟ್" ಎಂದರು. ಬಂದೆ. ಕಾಲೇಜಿನ ಗೇಟಿನವರೆಗೂ ಬಂದೆ. ಕಾವಲಿನವರು ನನಗೆ ನಮಸ್ಕರಿಸಿದ್ದನ್ನು ನೋಡಿ ಅಪ್ಪ ತಿರುಗಿ ಅವರಿಗೆ ಎರಡು ಸಲ ನಮಸ್ಕರಿಸಿದರು.

ಕಾಳಿಘಾಟ್‌ನ ಸಣ್ಣ ರಸ್ತೆಯಲ್ಲಿ ತಿರುಗಿಸುವಾಗ, ಪೇಡಾ ಅಂಗಡಿಯ ತಗಡಿನ ಚಪ್ಪರಕ್ಕೆ ನಿಲ್ಲಿಸಿದ್ದ ಕಬ್ಬಿಣದ ಕಂಬವೊಂದು ಎಡಗಡೆಯಿಂದ ಕರ್‍ರೆಂದಿತು. ಬ್ರೇಕು ಒತ್ತಿ ಎಂಜಿನ್ ಆರಿಸಿದೆ.

ಮೊದಲು ಇಳಿದವರು ಕಾಕಾ. ಬಗ್ಗಿ ನೋಡಿ, ಎಲ್ಲರನ್ನೂ ಕೆಳಗಿಳಿಸಿದರು. ನನ್ನನ್ನು ಗೀರು ಬಿದ್ದ ಬಾಗಿಲ ಪಕ್ಕದಲ್ಲಿ ನಿಲ್ಲಿಸಿ, ಆಚೆ ಅಪ್ಪನನ್ನೂ ಈಚೆ ಅವ್ವನನ್ನೂ ನಿಲ್ಲಿಸಿದರು. ಫೋನನ್ನು ಈ ಸಲ ನನ್ನ ಕೈಗೆ ಕೊಡಲಿಲ್ಲ, ತಾವೇ ಹಿಡಿದರು.

"ಎಡಗಡೆ ಹಿಂದಿನ ಬಾಗಿಲಾ" ಎಂದು ಎಂದಿನ ಧಾಟಿಯಲ್ಲಿ ಶುರುಮಾಡಿದರು. "ಗೇಣುದ್ದ ಗೀರು."

ಒಂದು ಹೆಜ್ಜೆ ಹಿಂದೆ ಸರಿದು, ನಾವು ಮೂವರೂ ಕಾಣುವಂತೆ ಫೋನು ಹಿಡಿದರು.

"ನಮ್ಮದು."